ಮೇಲಧಿಕಾರಿಯ ಹೊಣೆ ಬರೆಯದ ಹತ್ತು ಸೂತ್ರಗಳು

ಜಪಾನಿನ ಅತಿ ದೊಡ್ಡ ಜಾಹೀರಾತು ಸಂಸ್ಥೆಯಾದ ಡೆಂಟ್ಸುವಿನ ಅಧ್ಯಕ್ಷರಾಗಿದ್ದ ಹಿದೆಯೊ ಯೋಶಿದಾ 1951ರಲ್ಲಿ ತಮ್ಮ ನೌಕರರಿಗಾಗಿ ಹತ್ತು ಸೂತ್ರಗಳನ್ನು ಬರೆದರು. ಅದೇ ವರ್ಷ ಜಪಾನಿನಲ್ಲಿ ವಾಣಿಜ್ಯ ರೇಡಿಯೊ ಶುರುವಾಯಿತು, ಮತ್ತೆರಡು ವರ್ಷಕ್ಕೆ ವಾಣಿಜ್ಯ ಟೆಲಿವಿಷನ್ ಬಂತು. ಪ್ರಸಾರದ ಸಮಯವನ್ನು ಮಾರುವ ಈ ಹೊಸ ವ್ಯವಹಾರಕ್ಕೆ ಎಲ್ಲರಿಗಿಂತ ಮೊದಲು ಕೈಹಾಕಿದ ಡೆಂಟ್ಸು ದೇಶದ ಜಾಹೀರಾತು ಲೋಕದ ಹಿರಿಯಣ್ಣನಾಗಿ ಬೆಳೆಯಿತು. ರಾಕ್ಷಸ ಸೂತ್ರಗಳು ಎಂದೇ ಹೆಸರಾದ ಆ ಪುಟ್ಟ ಬರಹ ಆರು ದಶಕಗಳ ನಂತರವೂ ಅಲ್ಲಿನ ನೌಕರರ ಕೈಪಿಡಿಯಲ್ಲಿತ್ತು. ನಾಯಕತ್ವದ ಬರಹಗಳಲ್ಲಿ ಇಷ್ಟು ಬಾಳಿದ್ದು ವಿರಳ. ಹಾಗಾಗಿಯೇ ಅದನ್ನು ಗಂಭೀರವಾಗಿ ಓದಿ ತೂಗಿ ನೋಡಬೇಕು. ನನ್ನ ದೃಷ್ಟಿಯಲ್ಲಿ ಅದರ ದೋಷ ಅದು ಹೆಚ್ಚು ದುಡಿಮೆ ಕೇಳಿದ್ದರಲ್ಲಿಲ್ಲ. ಹತ್ತರಲ್ಲಿ ಒಂದು ಸೂತ್ರವೂ ದುಡಿಸಿಕೊಳ್ಳುವವನ ಹೊಣೆ ಏನೆಂದು ಹೇಳುವುದಿಲ್ಲ. ಉಳಿದ ಕೆಡುಕೆಲ್ಲ ಅಲ್ಲಿಂದ ಹುಟ್ಟಿದೆ.

ಸೂತ್ರಗಳಲ್ಲಿ ಒಳ್ಳೆಯದು ಇಲ್ಲದಿಲ್ಲ. ಕೆಲಸವನ್ನು ಯಾರೋ ಕೊಡಲೆಂದು ಕಾಯದೆ ನೀನೇ ಹುಟ್ಟಿಸಿಕೊ, ಕಷ್ಟದ ಕೆಲಸಕ್ಕೆ ಗುರಿಯಿಡು, ದೂರದ ಯೋಜನೆ ಹಾಕಿಕೊ, ತಿಕ್ಕಾಟಕ್ಕೆ ಅಂಜಬೇಡ ಎಂಬರ್ಥದ ಮಾತುಗಳನ್ನು ಯಾವ ಮಾರ್ಕೆಟಿಂಗ್ ವಿಭಾಗವೂ ತಳ್ಳಿಹಾಕಲಾರದು. ತಿಕ್ಕಾಟದ ಸೂತ್ರವಂತೂ ಕಿರಿಯನೊಬ್ಬ ಹಿರಿಯನ ಮುಂದೆ ನಿಂತು ಇದು ತಪ್ಪು ಎನ್ನಲು ಧೈರ್ಯ ಕೊಡಬಹುದಿತ್ತು. ಆದರೆ ಐದನೆಯದು, ಹಿಡಿದ ಕೆಲಸವನ್ನು ಪ್ರಾಣ ಹೋದರೂ ಗುರಿ ಮುಟ್ಟುವತನಕ ಬಿಡಬಾರದು ಎನ್ನುವುದು, ಉಳಿದ ಒಂಬತ್ತನ್ನೂ ನುಂಗಿಹಾಕುತ್ತದೆ. ಬಿಡಬಾರದೆಂಬ ಅಪ್ಪಣೆಯ ಕೆಳಗೆ ದುಡಿಯುವವನಿಗೆ ತಿಕ್ಕಾಟದ ಹಕ್ಕು ಎಲ್ಲಿ ಉಳಿಯುತ್ತದೆ? ಯೋಶಿದಾ ಅವರ ಕಾಲದ ಜಾಹೀರಾತಿಗೆ ಒಂದು ಕೊನೆಯಾದರೂ ಇತ್ತು ಎಂಬುದನ್ನೂ ಗಮನಿಸಬೇಕು. ಪತ್ರಿಕೆ ಅಚ್ಚಿಗೆ ಹೋದರೆ, ಕಾರ್ಯಕ್ರಮ ಪ್ರಸಾರವಾದರೆ ಆ ಕೆಲಸ ಮುಗಿಯಿತು. ಇಂಟರ್ನೆಟ್ ಜಾಹೀರಾತಿಗೆ ಆ ಕೊನೆಯೇ ಇಲ್ಲ. ಎಷ್ಟು ಜನ ನೋಡಿದರು, ಎಷ್ಟು ಜನ ಕ್ಲಿಕ್ ಮಾಡಿದರು ಎಂಬ ಲೆಕ್ಕ ಗಳಿಗೆಗಳಿಗೆಗೂ ಬದಲಾಗುತ್ತದೆ, ವರದಿ ವಾರವಾರವೂ ಹೋಗಬೇಕು, ಬಜೆಟ್ಟನ್ನು ದಿನದಿನವೂ ತಿದ್ದಬೇಕು. ಗುರಿ ಮುಟ್ಟುವತನಕ ಬಿಡಬೇಡ ಎಂಬ ಮಾತು ಅಂಥ ಕೆಲಸಕ್ಕೆ ಅನ್ವಯವಾದಾಗ, ಎಂದಿಗೂ ಬಿಡಬೇಡ ಎಂದೇ ಅದರ ಅರ್ಥವಾಗುತ್ತದೆ.

ಮತ್ಸುರಿ ತಾಕಾಹಾಶಿ ಎಂಬ ತರುಣಿ ಡೆಂಟ್ಸುವಿನಲ್ಲಿ ಸೇರಿದ್ದು ಇಂಥ ಇಂಟರ್ನೆಟ್ ಜಾಹೀರಾತು ವಿಭಾಗವನ್ನೇ. ಟೋಕಿಯೊ ವಿಶ್ವವಿದ್ಯಾಲಯದ ಪದವೀಧರೆಯಾದ ಅವರು 2015ರ ಏಪ್ರಿಲಿನಲ್ಲಿ ಕೆಲಸಕ್ಕೆ ಸೇರಿ, ಅದೇ ಡಿಸೆಂಬರ್ 25ರಂದು, 24ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅತಿಯಾದ ದುಡಿಮೆಯೇ ಕಾರಣವೆಂದು ಕಾರ್ಮಿಕ ಇಲಾಖೆ 2016ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಖಿನ್ನತೆಗೆ ಮುಂಚಿನ ಒಂದು ತಿಂಗಳಲ್ಲಿ ಅವರ ಹೆಚ್ಚುವರಿ ದುಡಿಮೆ ಸುಮಾರು 105 ಗಂಟೆ. ಕಂಪನಿಯ ಕಡತದಲ್ಲಿ ಅಕ್ಟೋಬರಿನ ಅಂಕಿ ಮಾತ್ರ 69.9 ಗಂಟೆ. ಆಡಳಿತ ಮತ್ತು ಸಂಘದ ನಡುವಿನ ಒಪ್ಪಂದದ ಮಿತಿ 70 ಆಗಿತ್ತು. ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವುದು ಈ 69.9. ದಣಿದ ಹುಡುಗಿಯೊಬ್ಬಳ ಸಮಯವನ್ನು ದಶಾಂಶದ ಲೆಕ್ಕದಲ್ಲಿ ಮಿತಿಯೊಳಗೆ ಕೂರಿಸಲಾಗಿದೆ. ಆ ಅಂಕಿಯನ್ನು ನೋಡಿದ ಯಾವ ಹಿರಿಯನಿಗಾದರೂ ಅದರ ಹಿಂದಿನದು ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಮೇಲಧಿಕಾರಿಯ ಹೀಯಾಳಿಕೆ, ರೂಪದ ಬಗ್ಗೆ, ಹೆಣ್ತನದ ಬಗ್ಗೆ ಕೇಳಬೇಕಾಗಿ ಬಂದ ಮಾತು, ಇವನ್ನೆಲ್ಲ ಆಕೆ ಟ್ವಿಟರಿನಲ್ಲಿ ಬರೆದುಕೊಂಡಿದ್ದರು. ಲೋಕಕ್ಕೆ ಹೇಳಲು ಸಾಧ್ಯವಾದದ್ದನ್ನು ಕಚೇರಿಯೊಳಗೆ ಹೇಳಲು ಜಾಗವಿರಲಿಲ್ಲ.

ಕೆಳಗಿನವರು ಸತ್ಯ ಹೇಳಲಾಗದ ಕಡೆ ಗ್ರಾಹಕನಿಗೂ ಸತ್ಯ ಸಿಗುವುದಿಲ್ಲ. 2016ರ ಅದೇ ಸೆಪ್ಟೆಂಬರಿನಲ್ಲಿ ಡೆಂಟ್ಸು ಇನ್ನೊಂದು ತಪ್ಪನ್ನು ಒಪ್ಪಿಕೊಂಡಿತು. ಇಂಟರ್ನೆಟ್ ಜಾಹೀರಾತುಗಳಲ್ಲಿ ಹೇಳಿದ ಅವಧಿಗೆ ಪ್ರಕಟವಾಗದವು, ಸುಳ್ಳು ವರದಿ ಹೋದವು, ಪ್ರಕಟವೇ ಆಗದೆ ಹಣ ಪಡೆದವು ಇದ್ದವು. ತೊಂದರೆಗೊಳಗಾದ ಜಾಹೀರಾತುದಾರರು ಸುಮಾರು ನೂರು. ದುಡಿದವರ ಗಂಟೆಯ ಲೆಕ್ಕವೂ ಸುಳ್ಳು, ಗ್ರಾಹಕನಿಗೆ ಕಳಿಸಿದ ಲೆಕ್ಕವೂ ಸುಳ್ಳು. ಇವೆರಡನ್ನೂ ನಾನು ಬೇರೆಬೇರೆ ಹಗರಣಗಳೆಂದು ಓದಲಾರೆ. ಆಗುವುದಿಲ್ಲ ಎಂಬ ಉತ್ತರಕ್ಕೆ ಅವಕಾಶವಿಲ್ಲದ ವಿಭಾಗದಲ್ಲಿ ಜನ ಆಯಿತು ಎಂದೇ ಬರೆಯುತ್ತಾರೆ. ಮಾರ್ಕೆಟಿಂಗಿನಲ್ಲಿ ಗ್ರಾಹಕನೇ ದೊರೆ, ಅವನ ಗಡುವಿಗೆ ತಲೆಬಾಗದೆ ಗತಿಯಿಲ್ಲ ಎನ್ನುವವರಿಗೂ ನನ್ನ ಉತ್ತರ ಇದೇ. ಗಡುವು ಕಾಪಾಡಲೆಂದು ಕಟ್ಟಿದ ಸಂಸ್ಕೃತಿ ಗ್ರಾಹಕನ ನಂಬಿಕೆಯನ್ನೇ ಕಳೆಯಿತು.

ಹೆಚ್ಚು ಕೇಳಿಬರುವ ಆಕ್ಷೇಪ ಇನ್ನೊಂದಿದೆ. ಅದೇ ಮಹಡಿಯಲ್ಲಿ ಅದೇ ದುಡಿಮೆಯನ್ನು ಬೇರೆಯವರೂ ತಾಳಿಕೊಂಡರಲ್ಲ, ಒಬ್ಬರ ಮನಸ್ಸು ಮೆದುವಾಗಿದ್ದರೆ ಸಂಸ್ಥೆಯನ್ನೇಕೆ ದೂರಬೇಕು? ಇದಕ್ಕೆ ಜಪಾನಿನ ಸರ್ವೋಚ್ಚ ನ್ಯಾಯಾಲಯ 2000ದ ಮಾರ್ಚಿನಲ್ಲಿಯೇ ಉತ್ತರ ಕೊಟ್ಟಿದೆ, ಅದೂ ಡೆಂಟ್ಸುವಿನದೇ ಮೊಕದ್ದಮೆಯಲ್ಲಿ. 1991ರಲ್ಲಿ ಆ ಸಂಸ್ಥೆಯ ರೇಡಿಯೊ ವಿಭಾಗದ ನೌಕರನೊಬ್ಬ, ಅವನಿಗೂ ಆಗ 24, ಹೀಗೆಯೇ ಪ್ರಾಣ ಕಳೆದುಕೊಂಡಿದ್ದ. ಅವನ ಅತಿ ಶ್ರದ್ಧೆಯ ಸ್ವಭಾವವೂ ಒಂದು ಕಾರಣವೆಂದು ಕೆಳಗಿನ ನ್ಯಾಯಾಲಯ ಪರಿಹಾರದಲ್ಲಿ ಕಡಿತ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ದುಡಿಯುವವರ ಸ್ವಭಾವ ನಾನಾ ಬಗೆಯದು, ಅದನ್ನು ಗಮನಿಸಿಯೇ ಮಾಲೀಕ ಕೆಲಸ ಹಂಚಬೇಕು, ದಣಿವು ಆರೋಗ್ಯ ಕೆಡಿಸುವಷ್ಟು ಕೂಡಿಬೀಳದಂತೆ ಎಚ್ಚರ ವಹಿಸುವುದು ಅವನ ಕರ್ತವ್ಯ ಎಂಬುದು ಆ ತೀರ್ಪಿನ ಸಾರ. ಯೋಶಿದಾ ಬರೆಯದೆ ಬಿಟ್ಟ ಸೂತ್ರವನ್ನು ನ್ಯಾಯಾಧೀಶರು ಬರೆದುಕೊಟ್ಟರು. ಹದಿನೈದು ವರ್ಷವಾದರೂ ಸಂಸ್ಥೆ ಅದನ್ನು ಕಲಿಯಲಿಲ್ಲ ಎಂಬುದೇ ಅದರ ನಾಯಕತ್ವದ ಮೇಲಿನ ಅತಿ ದೊಡ್ಡ ಆರೋಪ.

ಯುದ್ಧದಲ್ಲಿ ಸುಟ್ಟುಹೋದ ಜಪಾನನ್ನು ಕಟ್ಟಿದ್ದು ಇಂಥ ದುಡಿಮೆಯೇ ಎಂಬ ವಾದ ನಮಗೂ ಹೊಸದಲ್ಲ. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿ 2023ರಲ್ಲಿ ಹೇಳಿದಾಗ ಮುಂದಿಟ್ಟ ಉದಾಹರಣೆ ಯುದ್ಧಾನಂತರದ ಜಪಾನ್ ಮತ್ತು ಜರ್ಮನಿ. ಆ ತಲೆಮಾರಿನ ಶ್ರಮವನ್ನು ಯಾರೂ ಕಡೆಗಣಿಸಬೇಕಿಲ್ಲ. ಆದರೆ ಉದಾಹರಣೆ ಕೊಡುವವರು ಕಥೆಯ ಉತ್ತರಾರ್ಧವನ್ನೂ ಹೇಳಬೇಕು. ಅತಿ ದುಡಿಮೆಯ ಸಾವನ್ನು ತಡೆಯಲೆಂದೇ ಜಪಾನ್ 2014ರಲ್ಲಿ ಕಾನೂನು ಮಾಡಬೇಕಾಯಿತು, 2018ರಲ್ಲಿ ಹೆಚ್ಚುವರಿ ದುಡಿಮೆಗೆ ದಂಡನೆಯ ಬಲವುಳ್ಳ ಮಿತಿ ಹಾಕಬೇಕಾಯಿತು. ಆ ಮಿತಿಯೂ ಸಾಲದು, ವಿಶೇಷ ಸಂದರ್ಭದ ಹೆಸರಿನಲ್ಲಿ ತಿಂಗಳಿಗೆ ನೂರರ ಹತ್ತಿರದವರೆಗೂ ಬಿಟ್ಟಿದೆ. ಜಪಾನ್ ಬಿಟ್ಟುಬರಲು ಹೆಣಗುತ್ತಿರುವ ದಾರಿಯತ್ತ ಕರ್ನಾಟಕದಲ್ಲಿ 2024ರಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು, ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು.

ಡೆಂಟ್ಸು ಬದಲಾಗಲು ಯತ್ನಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾತ್ರಿ ಹತ್ತಕ್ಕೆ ಕಚೇರಿಯ ದೀಪ ಆರಿಸಿತು, ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಕೈಪಿಡಿಯಿಂದ ಸೂತ್ರಗಳನ್ನು ತೆಗೆಯಿತು. 2017ರಲ್ಲಿ ಟೋಕಿಯೊದ ನ್ಯಾಯಾಲಯ ವಿಧಿಸಿದ ದಂಡ ಐದು ಲಕ್ಷ ಯೆನ್ ಮಾತ್ರ, ಅಷ್ಟು ದೊಡ್ಡ ಸಂಸ್ಥೆಗೆ ಅದು ಏನೂ ಅಲ್ಲ. ಆದರೆ ದೀಪ ಆರಿಸಿದ ಮಾತ್ರಕ್ಕೆ ಒಪ್ಪಿಕೊಂಡ ಕೆಲಸ ಕಡಿಮೆಯಾಗುವುದಿಲ್ಲ. 2019ರಲ್ಲಿ ಕಾರ್ಮಿಕ ಇಲಾಖೆ ಮಿತಿಮೀರಿದ ದುಡಿಮೆಗಾಗಿ ಡೆಂಟ್ಸುವಿಗೆ ಮತ್ತೆ ತಿದ್ದುಪಡಿಯ ಸೂಚನೆ ಕೊಟ್ಟಿತು. ಬೆಂಗಳೂರಿನ ಜಾಹೀರಾತು ಮತ್ತು ಮಾರ್ಕೆಟಿಂಗ್ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರತಿ ತಿಂಗಳು ನಿಮ್ಮ ನೌಕರರು ಬರೆದ ಗಂಟೆಗಳನ್ನು ಕಚೇರಿಯ ಗೇಟಿನ ದಾಖಲೆಯೊಂದಿಗೆ ನೀವೇ ಕೂತು ತಾಳೆ ನೋಡಿ. ಎರಡೂ ಹೊಂದದಿದ್ದರೆ ನೌಕರರನ್ನು ಕರೆದು ಗದರಿಸಬೇಡಿ, ಗ್ರಾಹಕನಿಗೆ ಫೋನ್ ಮಾಡಿ ಗಡುವನ್ನು ಮುಂದಕ್ಕೆ ಹಾಕಿಸಿ.