ಮಕ್ಕಳ ಕೈಯ ಕಾಣಿಕೆ

ಜಿಲ್ಲಾ ಪತ್ರಿಕೆಗಳ ಒಳಪುಟಗಳಲ್ಲಿ ಅಚ್ಚಾಗುವ ಶಾಲಾ ಸಮಾಚಾರವನ್ನು ತಪ್ಪದೆ ಓದುವ ಅಭ್ಯಾಸ ನನಗೆ ಬಹುಕಾಲದಿಂದ ಇದೆ. ವಾರ್ಷಿಕೋತ್ಸವ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ವನಮಹೋತ್ಸವ ಮುಂತಾದ ವರ್ತಮಾನಗಳ ನಡುವೆ, ಇಂಥ ಶಾಲೆಯ ವಿದ್ಯಾರ್ಥಿಗಳು ಇಷ್ಟು ಸಾವಿರ ರೂಪಾಯಿಗಳನ್ನು ಸಂಗ್ರಹಿಸಿ ನೆರೆಸಂತ್ರಸ್ತರ ನಿಧಿಗೋ ಅನಾಥಾಲಯಕ್ಕೋ ಸಮರ್ಪಿಸಿದರೆಂಬ ಸುದ್ದಿಯೊಂದು ಆಗಾಗ ಕಾಣಿಸಿಕೊಳ್ಳುತ್ತದೆ. ಜೊತೆಗಿರುವ ಚಿತ್ರದಲ್ಲಿ ಅತಿಥಿಗಳೂ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯವರೂ ಚೆಕ್ಕಿನ ಎರಡು ತುದಿಗಳನ್ನು ಹಿಡಿದು ನಿಂತಿರುತ್ತಾರೆ. ಹಣವನ್ನು ತಂದವರೆನ್ನಲಾದ ಮಕ್ಕಳು ಅಂಚಿನಲ್ಲಿ, ಅರ್ಧ ಮುಖ ಮಾತ್ರ ಕಾಣುವಂತೆ, ಇಣುಕುತ್ತಿರುತ್ತಾರೆ. ಆ ಹಣ ಯಾರ ಮನೆಯ ಪೆಟ್ಟಿಗೆಯಿಂದ ಬಂತು, ಅದಕ್ಕಾಗಿ ಮಗು ಏನು ಮಾಡಿತು, ಅದು ಸೇರಿದ ಮನುಷ್ಯನ ಕಷ್ಟವೇನೆಂಬುದು ಮಗುವಿಗೆ ತಿಳಿದಿದೆಯೆ ಎಂಬ ವಿಷಯಗಳನ್ನು ಸುದ್ದಿ ಹೇಳುವುದಿಲ್ಲ. ಮೊತ್ತವೊಂದನ್ನೇ ಹೇಳುತ್ತದೆ. ಶಾಲೆಗಳಲ್ಲಿ ಪರೋಪಕಾರದ ಹೆಸರಿನಿಂದ ನಡೆಯುವ ಧನಸಂಗ್ರಹವೆಂಬ ಈ ಪದ್ಧತಿಯನ್ನು, ಒಂದು ಕೃತಿಯನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಪರಿಶೀಲಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಪರಿಶೀಲನೆಗೆ ಒಂದು ಮಾನದಂಡ ಬೇಕು. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಅಧ್ಯಯನವನ್ನು ಮುಗಿಸಿ ಮನೆಗೆ ಹೊರಟುನಿಂತ ಶಿಷ್ಯನಿಗೆ ಆಚಾರ್ಯನು ಹೇಳುವ ಹಿತವಚನಗಳಲ್ಲಿ ದಾನವೂ ಒಂದು. ಆದರೆ ಎಷ್ಟು ಕೊಡಬೇಕೆಂಬುದನ್ನು ಆತನು ಹೇಳುವುದಿಲ್ಲ, ಹೇಗೆ ಕೊಡಬೇಕೆಂಬುದನ್ನು ಮಾತ್ರ ಹೇಳುತ್ತಾನೆ: ಶ್ರದ್ಧೆಯಿಂದ, ವಿನಯದಿಂದ, ಅರಿವಿನಿಂದ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅವರ ದೃಷ್ಟಿಯಲ್ಲಿ ದಾಸೋಹಕ್ಕೆ ಮೊದಲು ಕಾಯಕ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದ ಮಡದಿ ಲಕ್ಕಮ್ಮನ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ. ರಾಶಿ ದೊಡ್ಡದಾಯಿತೆಂದು ಆಕೆ ಹಿಗ್ಗಲಿಲ್ಲ. ಅದು ನಮ್ಮ ದುಡಿಮೆಯ ಅಳತೆಗೆ ಸಲ್ಲುವುದೆ ಎಂದು ಕೇಳಿದಳು. ನಮ್ಮ ಶಾಲೆಗಳ ಧನಸಂಗ್ರಹವನ್ನು ಈ ತಾಯಿಯ ಎದುರಿಗೆ ಇಟ್ಟು ನೋಡೋಣ.

ಈ ಬಗೆಯ ಸಂಗ್ರಹಗಳಲ್ಲಿ ನಮ್ಮ ಮಕ್ಕಳಿಗೆಲ್ಲ ಪರಿಚಿತವಾದುದು ಡಿಸೆಂಬರ್ 7ರ ಧ್ವಜ ದಿನಾಚರಣೆ. 1949ರಿಂದ ನಡೆದುಬಂದಿರುವ ಈ ಆಚರಣೆಯ ಉದ್ದೇಶವು ಅತ್ಯಂತ ಗೌರವಾರ್ಹವಾದುದು: ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೂ ಅಂಗವಿಕಲರಾದ ಯೋಧರಿಗೂ ಆಸರೆ, ಸೇವೆಯಲ್ಲಿರುವ ಸೈನಿಕರ ಮತ್ತು ಅವರ ಮನೆಯವರ ಕ್ಷೇಮ, ನಿವೃತ್ತ ಸೈನಿಕರ ಪುನರ್ವಸತಿ. ಹಣ ಕೊಟ್ಟವರಿಗೆ ಅಂದು ಕೊಡುವ, ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟೆಗಳ ಪುಟ್ಟ ಬಾವುಟವು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಸಂಕೇತ. ಕೊಡಗಿನ ಕಾರ್ಯಪ್ಪನವರು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ವರ್ಷವೂ 1949 ಎಂಬುದನ್ನು ನೆನೆದರೆ, ಈ ಬಾವುಟಕ್ಕೂ ನಮ್ಮ ನಾಡಿಗೂ ಇರುವ ಸಂಬಂಧ ಇನ್ನಷ್ಟು ಹತ್ತಿರದ್ದೆನಿಸುತ್ತದೆ. ಮಡಿಕೇರಿಯ ಸುತ್ತಿನ ಯಾವುದೇ ಶಾಲೆಯಲ್ಲಿ ಈ ಬಾವುಟವನ್ನು ಎದೆಗೆ ಚುಚ್ಚಿಕೊಳ್ಳುವ ಮಗುವಿಗೆ ಸೈನಿಕನೆಂದರೆ ಪಾಠದ ಪುಸ್ತಕದ ಚಿತ್ರವಲ್ಲ. ಅವನು ರಜೆಯಲ್ಲಿ ಮನೆಗೆ ಬರುವ ಮಾವ, ಪಕ್ಕದ ಮನೆಯ ಅಜ್ಜ. ಅಲ್ಲಿ ಬಾವುಟದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಸೈನ್ಯಕ್ಕೆ ಒಬ್ಬನನ್ನೂ ಕಳುಹಿಸದ ಊರಿನ ಶಾಲೆಯಲ್ಲಿ, ಕಟ್ಟುಗಟ್ಟಲೆ ಬಂದ ಬಾವುಟಗಳನ್ನು ಹಾಜರಿ ಪುಸ್ತಕ ನೋಡಿ ಮಕ್ಕಳಿಗೆ ಹಂಚಿ, ಇಷ್ಟು ದಿನದೊಳಗೆ ಹಣ ತರತಕ್ಕದ್ದೆಂದು ವಿಧಿಸಿದಾಗ, ಅದೇ ಬಾವುಟವು ಕಂದಾಯದ ಚೀಟಿಯಾಗಿಬಿಡುತ್ತದೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಒಬ್ಬೊಬ್ಬರಿಗೆ ಹತ್ತು ಹತ್ತು ಬಾವುಟಗಳನ್ನು ಕೊಟ್ಟಿದ್ದರು. ಮಾರಾಟವಾಗದೆ ಉಳಿದುದರ ಹಣವನ್ನು ಮನೆಯಿಂದ ತರಬೇಕೆಂಬುದು ಕಟ್ಟಳೆ. ನನ್ನ ಬಾವುಟಗಳಲ್ಲಿ ಎರಡು ಖರ್ಚಾದವು, ಎಂಟನ್ನು ನನ್ನ ತಂದೆ ಕೊಂಡರು, ನಾನು ದೇಶಸೇವೆ ಮಾಡಿದ ಹೆಮ್ಮೆಯಿಂದ ಮರುದಿನ ಶಾಲೆಗೆ ಹೋದೆ. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗ ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಬಂದು ಚಿಲ್ಲರೆಯನ್ನು ಮೇಜಿನ ಮೇಲೆ ಎಣಿಸಿಟ್ಟ. ಹಿತ್ತಲಿನ ಕೋಳಿ ಇಟ್ಟ ಮೊಟ್ಟೆಗಳನ್ನು ಅವನ ತಾಯಿ ಮಾರಿ ಕೊಟ್ಟ ಹಣವೆಂದು ಆಮೇಲೆ ತಿಳಿಯಿತು. ಆ ಹಣ ಯಾರಿಗೆ ಹೋಗುತ್ತದೆಂಬುದು ಆ ತಾಯಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಡಬೇಕೆಂದು ಯಾರಿಗೂ ತೋರಲಿಲ್ಲ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸೊಬ್ಬಳ ಕಷ್ಟವನ್ನು ಯಾರಾದರೂ ಅವಳ ಬಾಗಿಲಿಗೆ ಬಂದು ಹೇಳಿದ್ದರೆ, ಒಂದು ಮೊಟ್ಟೆಯ ಬೆಲೆಯನ್ನು ಅವಳು ಸಂತೋಷದಿಂದಲೇ ಕೊಡುತ್ತಿದ್ದಳು. ಆ ಒಂದು ಮೊಟ್ಟೆಯ ಬೆಲೆ ದಾನವೆನಿಸುತ್ತಿತ್ತು. ಹತ್ತು ಬಾವುಟಗಳ ಹಣ ದಂಡವಾಯಿತು. ಲೆಕ್ಕದ ಪುಸ್ತಕದಲ್ಲಿ ಅವಳ ಹಣಕ್ಕೂ ನನ್ನ ತಂದೆಯ ಹಣಕ್ಕೂ ವ್ಯತ್ಯಾಸವಿರಲಿಲ್ಲವೆಂಬುದೇ ಈ ಪದ್ಧತಿಯ ಮೂಲದೋಷವನ್ನು ತೋರಿಸುತ್ತದೆ.

ಈ ದೋಷವು ಈಚಿನ ಕಾಲದಲ್ಲಿ, ಮುಖ್ಯವಾಗಿ ನಗರಗಳ ಖಾಸಗಿ ಶಾಲೆಗಳಲ್ಲಿ, ಹೊಸ ವೇಷವನ್ನು ಧರಿಸಿದೆ. ಮಗುವಿನ ಕೈಗೆ ಒಂದು ಪ್ರಾಯೋಜಕರ ಪಟ್ಟಿಯನ್ನು ಕೊಟ್ಟು, ಬಂಧುಮಿತ್ರರಿಂದ ಹಣ ಬರೆಯಿಸಿಕೊಂಡು ಬರಲು ಹೇಳಿ, ಹೆಚ್ಚು ತಂದವನಿಗೆ ಪದಕವನ್ನೂ ಪ್ರಶಸ್ತಿಪತ್ರವನ್ನೂ ಕೊಡುವ ಕ್ರಮವು ಬಳಕೆಗೆ ಬಂದಿದೆ. ಹೆಚ್ಚು ತರುವವನು ಯಾರು? ಹೆಚ್ಚು ಶ್ರೀಮಂತರಾದ ಬಂಧುಗಳುಳ್ಳವನು. ಅವನಿಗೆ ಪದಕ ಕೊಡುವುದೆಂದರೆ ಅವನ ಸೋದರಮಾವನ ಸಂಬಳಕ್ಕೆ ಪದಕ ಕೊಟ್ಟಂತೆ. ಇಷ್ಟೇ ಆಗಿದ್ದರೆ ಕ್ಷಮಿಸಬಹುದಾಗಿತ್ತು. ಆದರೆ ಇದರಿಂದ ಕರುಣೆಯೆಂಬ ಭಾವವನ್ನು ಸ್ಪರ್ಧೆಯ ಕಣಕ್ಕೆ ಇಳಿಸಿ, ಪರರ ದುಃಖವು ತನ್ನ ಬಹುಮಾನಕ್ಕೆ ಸಾಧನವೆಂದು ಎಳೆಯ ಮನಸ್ಸಿಗೆ ಕಲಿಸಿದಂತಾಗುತ್ತದೆ. ಇಲ್ಲವೆನ್ನುವ ನೆರೆಯವನನ್ನು ಜಿಪುಣನೆಂದು ತಿಳಿಯುವುದನ್ನೂ, ಬರಿಗೈಯಲ್ಲಿ ಬಂದ ಸಹಪಾಠಿಯನ್ನು ಕೀಳಾಗಿ ಕಾಣುವುದನ್ನೂ ಅದರೊಂದಿಗೇ ಕಲಿಸಿದಂತಾಗುತ್ತದೆ. ಹಣದಿಂದ ಅನಾಥಾಲಯಕ್ಕೆ ಉಪಕಾರವಾಗುವುದು ನಿಜ. ಆ ಉಪಕಾರವನ್ನು ಹಿರಿಯರೇ ನೇರವಾಗಿ ಮಾಡಬಹುದಾಗಿತ್ತಲ್ಲವೆ?

ಹಾಗಾದರೆ ಮಕ್ಕಳು ಪರರಿಗಾಗಿ ಏನನ್ನೂ ಮಾಡಬಾರದೆಂಬುದು ನನ್ನ ಅಭಿಪ್ರಾಯವೆ? ಖಂಡಿತ ಅಲ್ಲ. ಇದೇ ಉದ್ದೇಶವನ್ನು ಬಹಳ ಮೇಲಾದ ರೀತಿಯಲ್ಲಿ ಸಾಧಿಸಿದ ಪದ್ಧತಿಯೊಂದು ನಮ್ಮ ಕಣ್ಣೆದುರಿಗೇ ಇದೆ. ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಲ್ಲಿ ಅದನ್ನು ಖರಿ ಕಮಾಯಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಜನ ನಿತ್ಯ ಆಡುವ ‘ಖರೆ’ ಎಂಬ ಮಾತೇ ಇಲ್ಲಿಯೂ ಇದೆ. ಖರಿ ಕಮಾಯಿಯೆಂದರೆ ಖರೆಯ ಗಳಿಕೆ, ಬೆವರಿಟ್ಟು ಪಡೆದ ಪ್ರಾಮಾಣಿಕ ಸಂಪಾದನೆ. ಇಂಗ್ಲೆಂಡಿನ ಸ್ಕೌಟುಗಳು 1949ರ ಈಸ್ಟರ್ ಹಬ್ಬದ ವೇಳೆಗೆ ಇದೇ ಬಗೆಯ ವಾರಾಚರಣೆಯೊಂದನ್ನು ಆರಂಭಿಸಿದರು. ಷಿಲಿಂಗ್ ನಾಣ್ಯಕ್ಕೆ ಆಗ ಅಲ್ಲಿ ಆಡುಮಾತಿನಲ್ಲಿ ಬಾಬ್ ಎಂದು ಹೆಸರಿತ್ತು. ಒಂದು ಕೆಲಸಕ್ಕೆ ಒಂದು ಬಾಬ್ ಎಂಬುದು ನಿಯಮವಾಗಿತ್ತು. ಹುಡುಗರು ಮನೆಮನೆಯ ಬಾಗಿಲು ತಟ್ಟಿ, ಬೂಟುಗಳಿಗೆ ಪಾಲಿಷ್ ಹಚ್ಚಿ, ತೋಟದ ಕಳೆ ಕಿತ್ತು, ಕಾರು ತೊಳೆದು, ಒಂದು ಷಿಲಿಂಗನ್ನು ಪಡೆದು, ಕೆಲಸ ಆಯಿತೆಂಬ ಚೀಟಿಯೊಂದನ್ನು ಆ ಮನೆಯವರಿಗೆ ಕೊಟ್ಟು ಬರುತ್ತಿದ್ದರು. ಭಾರತದಲ್ಲಿ ಮೊದಲ ಸ್ಕೌಟ್ ದಳವು 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ದೇಶದ ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನ ಕೆಳಗೆ ಸೇರಿದವು. ಕೇಳದೆ ದುಡಿದು ಕೊಡುವ ಈ ಶಿಸ್ತು ನಮ್ಮ ದಳಗಳ ಸಂಸ್ಕಾರದ ಒಂದು ಅಂಗವಾಗಿದೆ.

ಇದರ ಗುಣವೇನೆಂದರೆ, ಇಲ್ಲಿ ಮಗು ಯಾಚಿಸುವುದಿಲ್ಲ, ವಿನಿಮಯ ಮಾಡುತ್ತದೆ. ಅಂಗಳ ಗುಡಿಸಿ ಹತ್ತು ರೂಪಾಯಿ ಪಡೆದ ಹುಡುಗನಿಗೆ ಆ ಹತ್ತು ರೂಪಾಯಿಯ ತೂಕ ತನ್ನ ಸೊಂಟದ ನೋವಿನಿಂದಲೇ ಗೊತ್ತಾಗುತ್ತದೆ. ಅದನ್ನು ಡಬ್ಬಿಗೆ ಹಾಕುವ ಗಳಿಗೆಯಲ್ಲಿ ಅವನು ನಿಜವಾಗಿಯೂ ಏನನ್ನೋ ಬಿಟ್ಟುಕೊಡುತ್ತಾನೆ, ಬಿಟ್ಟುಕೊಡದೆ ದಾನವೆಂಬುದಿಲ್ಲ. ಸಿರಿವಂತನ ಮಗನೂ ಕೂಲಿಯವನ ಮಗನೂ ಇಲ್ಲಿ ಸಮಾನರು. ಒಂದು ವೇಳೆ ಅಂತರವಿದ್ದರೆ ಅದು ಕೂಲಿಯವನ ಮಗನ ಕಡೆಗೇ ಅನುಕೂಲವಾಗಿರುತ್ತದೆ, ಏಕೆಂದರೆ ಕೆಲಸದ ಕೈಚಳಕ ಅವನಿಗೆ ಮೊದಲೇ ಒಲಿದಿರುತ್ತದೆ. ಮೊಟ್ಟೆ ಮಾರಿದ ತಾಯಿಯ ಮಗನು ನನಗಿಂತ ಚೆನ್ನಾಗಿ ಮರ ಹತ್ತುತ್ತಿದ್ದ, ನೀರು ಸೇದುತ್ತಿದ್ದ, ಹಗ್ಗ ಹೊಸೆಯುತ್ತಿದ್ದ. ಆ ಡಿಸೆಂಬರಿನಲ್ಲಿ ಕೆಲಸವೇ ಕಾಣಿಕೆಯಾಗಿದ್ದರೆ ತಲೆ ಎತ್ತಿ ನಿಲ್ಲುತ್ತಿದ್ದವನು ಅವನೇ.

ಈ ಪದ್ಧತಿಯೂ ನಿರ್ದೋಷವೆಂದು ನಾನು ಹೇಳಲಾರೆ. ಗುರುತಿಲ್ಲದ ಮನೆಯೊಳಗೆ ಮಗುವನ್ನು ಒಂಟಿಯಾಗಿ ಕಳುಹಿಸುವುದು ಅಪಾಯಕರ. ಇಂಗ್ಲೆಂಡಿನಲ್ಲಿ ಈ ವಾರಾಚರಣೆ 1990ರ ದಶಕದಲ್ಲಿ ನಿಂತುಹೋಗುವುದಕ್ಕೆ ಮಕ್ಕಳ ಸುರಕ್ಷತೆಯ ಚಿಂತೆಯೂ ಒಂದು ಕಾರಣ. ಆ ಚಿಂತೆಯನ್ನು ನಾವು ಹಗುರವಾಗಿ ಕಾಣಬಾರದು. ಕೆಲವು ಮನೆಗಳವರು ಹುಡುಗರ ಕೆಲಸವನ್ನು ಅಗ್ಗದ ದುಡಿಮೆಯಾಗಿ ಬಳಸಿಕೊಳ್ಳುವುದೂ ಉಂಟು. ಕೆಲವರು ಕೆಲಸವೇನೂ ಬೇಡವೆಂದು ಹಣವನ್ನು ಕೊಟ್ಟುಬಿಡುವುದೂ ಉಂಟು. ಆದರೆ ಇವೆಲ್ಲ ಕ್ರಮದ ದೋಷಗಳು. ದಳದ ನಾಯಕರು ಜೊತೆಗಿದ್ದು, ಶಾಲೆಯ ತೋಟದಲ್ಲೋ ಗ್ರಂಥಾಲಯದಲ್ಲೋ ಪರಿಚಿತರ ಮನೆಗಳಲ್ಲೋ ಕೆಲಸಗಳನ್ನು ಗೊತ್ತುಮಾಡಿಕೊಂಡರೆ ಅವನ್ನು ತಿದ್ದಬಹುದು. ಬಾವುಟವನ್ನು ಬಲವಂತದಿಂದ ಹಂಚುವಲ್ಲಿ ದೋಷವಿರುವುದು ಬೇರಿನಲ್ಲಿ.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯನ್ನೂ ಇಲ್ಲಿ ಸ್ಮರಿಸಬೇಕು. ಹಿತ್ತಲಿನ ಕರಿಬೇವು, ನಿಂಬೆ, ಸೊಪ್ಪು, ಮನೆಯ ಮಜ್ಜಿಗೆ, ಒಗ್ಗರಣೆ ಹಾಕಿದ ಮಂಡಕ್ಕಿ ಇವುಗಳನ್ನು ಮಕ್ಕಳು ಶಾಲೆಯ ಅಂಗಳದಲ್ಲಿ ಹರಡಿಕೊಂಡು ಕೂತು, ತಕ್ಕಡಿ ಹಿಡಿದು, ಚೌಕಾಸಿ ಮಾಡುವ ಊರವರೊಡನೆ ಧೈರ್ಯವಾಗಿ ಮಾತಾಡಿ, ಚಿಲ್ಲರೆ ಎಣಿಸಿ ಕೊಡುವ ಆ ದೃಶ್ಯವು ಕಣ್ಣಿಗೆ ಹಬ್ಬ. ಅದರ ಮುಖ್ಯೋದ್ದೇಶವು ಗಣಿತ ಮತ್ತು ಲೋಕವ್ಯವಹಾರದ ಕಲಿಕೆಯೇ ಹೊರತು ಧರ್ಮಾರ್ಥವಲ್ಲ. ಲಾಭವು ಮಗುವಿನದು, ಅದು ಹಾಗೆಯೇ ಇರಬೇಕು. ಆದರೆ ಸಂತೆ ಮುಗಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ತಾನು ಗಳಿಸಿದ ಹಣದಲ್ಲಿ ಎರಡು ರೂಪಾಯಿಯನ್ನು ಕಾಯಿಲೆಯ ಸಹಪಾಠಿಗೆಂದು ಮಗುವೊಂದು ತೆಗೆದಿಟ್ಟರೆ, ಆ ಎರಡು ರೂಪಾಯಿಯನ್ನು ಪ್ರಾಯೋಜಕರ ಪಟ್ಟಿಯ ಎರಡು ಸಾವಿರಕ್ಕಿಂತ ಹಿರಿದೆಂದು ನಾನು ಭಾವಿಸುತ್ತೇನೆ. ಅಂಗಡಿಯಿಂದ ತಂದ ಪೊಟ್ಟಣಗಳನ್ನು ತಾಯಿತಂದೆಗಳೇ ಪಕ್ಕದಲ್ಲಿ ನಿಂತು ಮಾರುವ ಸಂತೆಗಳಿಗೆ ಮಾತ್ರ ಈ ಮೆಚ್ಚುಗೆ ಸಲ್ಲದು.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಎರಡೆರಡು ರೂಪಾಯಿಗಳಿಂದ ನೆರೆಗೆ ಸಿಕ್ಕಿದ ಊರು ಮತ್ತೆ ಏಳುವುದೆ, ನಮ್ಮ ದೊಡ್ಡ ವಿದ್ಯಾಸಂಸ್ಥೆಗಳೂ ಉಚಿತ ಪ್ರಸಾದನಿಲಯಗಳೂ ಜನರಿಂದ ಬೇಡಿ ತಂದ ಹಣಕಾಸು ದವಸಧಾನ್ಯಗಳಿಂದಲೇ ಎದ್ದವಲ್ಲವೆ ಎಂದು ಕೇಳಬಹುದು. ನಿಜ. ಅಂಥ ಸಂಸ್ಥೆಗಳು ಒಂದೊಂದು ಮನೆಯ ಮುಷ್ಟಿ ಅಕ್ಕಿಯಿಂದ ಬದುಕಿದ್ದುಂಟು. ಆದರೆ ಅಲ್ಲಿ ಬೇಡಿದವರು ಹಿರಿಯರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಗೆ ಅಸ್ತಿಭಾರ ಹಾಕಿದ ಶಿಕ್ಷಕರು ಜನರನ್ನು ಕೇಳುವ ಮೊದಲು ತಮ್ಮ ಬಾಳನ್ನೇ ಅದಕ್ಕೆ ತೆತ್ತಿದ್ದರು. ಮಠಾಧೀಶರು ಜೋಳಿಗೆ ಹಿಡಿದಾಗ ಅದರ ಹಿಂದೆ ಅವರ ತ್ಯಾಗದ ಬಲವಿತ್ತು. ಮುಷ್ಟಿ ಅಕ್ಕಿಯನ್ನು ತೆಗೆದಿಡುತ್ತಿದ್ದ ಗೃಹಿಣಿಯಾದರೂ ಅಡುಗೆಗೆ ಅಳೆದುಕೊಂಡ ಅಕ್ಕಿಯಲ್ಲೇ ಒಂದು ಹಿಡಿಯನ್ನು, ಪ್ರತಿದಿನವೂ, ಯಾರೂ ನೋಡದಿರುವಾಗ, ಮಡಕೆಗೆ ಹಾಕುತ್ತಿದ್ದಳು. ದೊಡ್ಡ ಮೊತ್ತವನ್ನು ಕೂಡಿಸುವುದು ದೊಡ್ಡವರ ಹೊಣೆ. ಆ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿ, ಮಕ್ಕಳ ಮುಖ ನೋಡಿ ಯಾರೂ ಇಲ್ಲವೆನ್ನಲಾರರೆಂಬ ಅನುಕೂಲವನ್ನು ಬಳಸಿಕೊಳ್ಳುವುದು ಹಿರಿಯರಿಗೆ ಶೋಭಿಸದು. ಶಾಲೆ ಇರುವುದು ನಿಧಿಯನ್ನು ತುಂಬಿಸುವುದಕ್ಕಲ್ಲ. ಮುಂದೆ ನಿಧಿಗಳನ್ನು ತುಂಬಬಲ್ಲ ಹೃದಯಗಳನ್ನು ಬೆಳೆಸುವುದಕ್ಕೆ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಬರುವ ಡಿಸೆಂಬರ್ 7ರಂದು ಊರಿನ ಅಥವಾ ನೆರೆಯೂರಿನ ಒಬ್ಬ ನಿವೃತ್ತ ಸೈನಿಕರನ್ನು ಶಾಲೆಗೆ ಕರೆತಂದು, ಅವರ ಮಾತನ್ನು ಮಕ್ಕಳು ಅರ್ಧ ಗಂಟೆ ಕೇಳುವಂತೆ ಮಾಡಿ. ಹತ್ತು ಬಾವುಟಗಳ ಕಟ್ಟನ್ನು ಯಾರ ಕೈಗೂ ಕೊಡಬೇಡಿ. ಬೇಕೆಂದು ಕೇಳಿದ ಮಗುವಿಗೆ ಒಂದೇ ಬಾವುಟವನ್ನು ಕೊಡಿ, ಅದರ ಬೆಲೆಯನ್ನು ಆ ಮಗು ಒಂದು ಚಿಕ್ಕ ಕೆಲಸದಿಂದ ಗಳಿಸಿ ತರಲಿ. ತರಲಾರದ ಮಗುವಿನ ಹೆಸರನ್ನು ಎಲ್ಲಿಯೂ ಬರೆಯಬೇಡಿ, ತಂದ ಮಗುವಿನ ಹೆಸರನ್ನೂ ಹಲಗೆಯ ಮೇಲೆ ಏರಿಸಬೇಡಿ. ಪತ್ರಿಕೆಗೆ ಸುದ್ದಿ ಕಳುಹಿಸುವುದಾದರೆ ಮೊತ್ತದ ಬದಲು ಮಕ್ಕಳು ಮಾಡಿದ ಕೆಲಸಗಳನ್ನು ಬರೆಯಿರಿ: ಇಷ್ಟು ಗಿಡಗಳಿಗೆ ಪಾತಿ ಮಾಡಿದರು, ಇಷ್ಟು ಪುಸ್ತಕಗಳಿಗೆ ಹೊದಿಕೆ ಹಾಕಿದರು, ಒಬ್ಬ ಮುದುಕಿಯ ಮನೆಗೆ ಒಂದು ವಾರ ನೀರು ಹೊತ್ತರು. ಕೂಡಿದ ಹಣ ಸ್ವಲ್ಪವೇ ಆಗಿರಬಹುದು. ಆದರೆ ಅದರಲ್ಲಿ ಮಕ್ಕಳದಲ್ಲದ ಒಂದು ಪೈಸೆಯೂ ಇರುವುದಿಲ್ಲ.