ಮುಷ್ಕರ ಹೂಡಿದ ಸಾವು

ನಮ್ಮ ಮತ್ತೋಡಿನ ಕಡೆಯವರಿಗೆ ನಾಟಕ ಅಂದರೆ ಹಾಡಿರಬೇಕು, ಹಾಡಿಗೊಂದು ಹಾರ್ಮೋನಿಯಂ ಇರಬೇಕು. ನಮ್ಮದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವದಲ್ಲಿ, ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಪಳಗಿದ ಕಿವಿ ನನ್ನದು. ಹಾಗಾಗಿಯೋ ಏನೋ, ‘ಅಟ್ಲಾಂಟಿಸಿನ ಚಕ್ರವರ್ತಿ’ ಎಂಬ ಒಪೆರಾದ ಧ್ವನಿಮುದ್ರಣ ಕೇಳಿದಾಗ ಪರದೇಶದ್ದು ಅನ್ನಿಸಲೇ ಇಲ್ಲ. ಪಿಟೀಲು, ತುತ್ತೂರಿ, ಸ್ಯಾಕ್ಸೊಫೋನು, ಟಣಟಣ ಬ್ಯಾಂಜೊ, ಇವುಗಳ ನಡುವೆ ಕಂಪನಿ ನಾಟಕಗಳ ಆ ಕಾಲು ಹಾರ್ಮೋನಿಯಮ್ಮಿನ ತುಂಬು ಉಸಿರು! ನಾಜಿಗಳ ಬಂಧನ ಶಿಬಿರದಲ್ಲಿ ಯಾವ ವಾದ್ಯ, ಯಾವ ವಾದಕರು ಸಿಕ್ಕರೋ ಅವರನ್ನೇ ನಂಬಿ ಅಲ್ಲಿಯ ಕೈದಿ ವಿಕ್ಟರ್ ಉಲ್‌ಮನ್ ಈ ಸಂಗೀತ ಹೊಸೆದ. ಕೊರತೆಯಿಂದ ಹುಟ್ಟಿದ ಮೇಳ ಇಷ್ಟು ರುಚಿಕಟ್ಟಾಗಿ ಕೂಡಿಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಶಿಬಿರ ಎಂದರೆ ಪ್ರಾಗ್‌ ನಗರಕ್ಕೆ ಹತ್ತಿರದ ಟೆರೆಜಿನ್, ಕಾಲ 1943–44. ಮಾತು ಹೆಣೆದವನು ಪೀಟರ್ ಕೀನ್, ಇಪ್ಪತ್ತೈದರ ಆಸುಪಾಸಿನ ಚಿತ್ರಕಾರ, ಕವಿ. ಕೈದಿಗಳ ವಿವರ ಬರೆದಿಟ್ಟ ಹಳೇ ನಮೂನೆಗಳ ಹಿಂಬದಿಯೇ ನಾಟಕದ ಹಸ್ತಪ್ರತಿಗೆ ಕಾಗದವಾಯಿತು.

ಕಥೆಯ ಸೊಗಸು ನೋಡಿ. ಎಲ್ಲರೂ ಎಲ್ಲರ ಮೇಲೆ ಯುದ್ಧ ಹೂಡಬೇಕೆಂದು ಚಕ್ರವರ್ತಿ ಡಂಗುರ ಹೊಡೆಸುತ್ತಾನೆ. ಮುದಿ ಸಿಪಾಯಿಯ ವೇಷದಲ್ಲಿರುವ ಸಾವಿಗೆ ಸಿಟ್ಟು ಬರುತ್ತದೆ. ತನ್ನದು ಹಳೇ ಕಾಲದ, ಮರ್ಯಾದೆಯ ಕಸುಬು. ಯಂತ್ರದ ಈ ರಾಶಿ ಕೊಲೆಗೆ ಆಳಾಗಿ ದುಡಿಯಲಾರೆ ಅಂತ ಕತ್ತಿ ಮುರಿದು ಕೂತುಬಿಡುತ್ತದೆ. ಇನ್ನು ಯಾರೂ ಸಾಯುವ ಹಾಗಿಲ್ಲ! ಗಲ್ಲಿಗೇರಿಸಿದವನು ಸತ್ತನೇ, ಸತ್ತನೇ ಅಂತ ಅರಮನೆಯಿಂದ ಫೋನಿನಲ್ಲಿ ಮತ್ತೆ ಮತ್ತೆ ವಿಚಾರಣೆ. ಇಲ್ಲ, ಸತ್ತಿಲ್ಲ. ರಣರಂಗದಲ್ಲಿ ಎದುರುಬದುರಾದ ಒಬ್ಬ ಸೈನಿಕನಿಗೆ, ಒಬ್ಬ ಹುಡುಗಿಗೆ ಒಬ್ಬರನ್ನೊಬ್ಬರು ಕೊಲ್ಲಲು ಆಗುತ್ತಿಲ್ಲ. ಕೈಯ ಬಿಗಿ ಸಡಿಲುತ್ತದೆ, ದನಿ ಮೆತ್ತಗಾಗುತ್ತದೆ, ಅಲ್ಲಿಯತನಕ ಸಿಡಿಯುತ್ತಿದ್ದ ಸಂಗೀತ ಮೆಲ್ಲ ಮೆಲ್ಲಗೆ, ನಾಚುತ್ತ ನಾಚುತ್ತ, ಒಲವಿನ ಹಾಡಾಗಿಬಿಡುತ್ತದೆ.

ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಕನ್ನಡಿಯ ದೃಶ್ಯ. ಮುಸುಕು ಹೊದ್ದ ಕನ್ನಡಿಯ ಬಟ್ಟೆಯನ್ನು ಚಕ್ರವರ್ತಿ ಸರಿಸುತ್ತಾನೆ. ಅಲ್ಲಿ ಸಾವು ನಿಂತಿದೆ. ಮರಳಿ ಬಾ ಅಂತ ಬೇಡುತ್ತಾನೆ. ಮೊದಲು ನೀನು ಸಾಯಲು ಒಪ್ಪಿದರೆ ಬರುತ್ತೇನೆ ಅನ್ನುತ್ತದೆ ಅದು. ಆಗ ಆತ ಹಾಡುವ ವಿದಾಯದಲ್ಲಿ ಗರ್ವ ಪದರ ಪದರವಾಗಿ ಕಳಚಿ, ಕೊನೆಗೆ ಬರಿಯ ಮನುಷ್ಯನೊಬ್ಬ ಉಳಿಯುವುದನ್ನು ಕೇಳಬೇಕು. ಕಣ್ಣು ಮುಚ್ಚಿ ಕೇಳಬೇಕು.

ಕೈದಿಗಳ ನಾಟಕ ನಮಗೂ ಹೊಸದಲ್ಲ: ಮೈಸೂರು ಜೈಲಿನ ಕೈದಿಗಳಿಂದ ಹುಲುಗಪ್ಪ ಕಟ್ಟೀಮನಿ ಅವರು ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಆಡಿಸಿದ್ದನ್ನು ನಮ್ಮ ರಂಗಪ್ರಿಯರು ಬಲ್ಲರು. ಆ ಕೈದಿಗಳು ಅಪರಾಧಕ್ಕೆ ಶಿಕ್ಷೆ ಪಡೆದವರು. ಟೆರೆಜಿನ್ನಿನವರ ಅಪರಾಧ ಯೆಹೂದಿ ಮನೆತನದಲ್ಲಿ ಹುಟ್ಟಿದ್ದು, ಅಷ್ಟೇ. ಅಲ್ಲಿ ಈ ನಾಟಕದ ತಾಲೀಮು ನಡೆಯಿತು, ಪ್ರದರ್ಶನ ನಡೆಯಲಿಲ್ಲ. 1944ರ ಅಕ್ಟೋಬರ್ 16ರಂದು ಉಲ್‌ಮನ್, ಕೀನ್ ಇಬ್ಬರನ್ನೂ ಆಶ್‌ವಿಟ್ಸ್‌ಗೆ ಸಾಗಿಸಿದರು, ಇಬ್ಬರೂ ಮರಳಲಿಲ್ಲ. ಹಸ್ತಪ್ರತಿ ಉಳಿಯಿತು. 1975ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು.

ಇದು ಕನ್ನಡಕ್ಕೆ ಬರಲಿ, ಸಾಣೇಹಳ್ಳಿಯ ಮೆಟ್ಟಿಲ ಮೇಲೆ ಕೂತು ನಾನು ನೋಡುವಂತಾಗಲಿ. ಕಟ್ಟುವವರಿಗೆ ನನ್ನ ಕೋರಿಕೆ ಇಷ್ಟೇ: ಬ್ಯಾಂಜೊ, ಕಾಲು ಹಾರ್ಮೋನಿಯಂ ಎರಡನ್ನೂ ಉಳಿಸಿಕೊಳ್ಳಿ. ಸಾವಿನ ಪಾತ್ರಕ್ಕೆ ತಗ್ಗು ಸ್ಥಾಯಿಯಲ್ಲಿ ನಿಧಾನ ಹಾಡಬಲ್ಲ, ಒಂದಿಷ್ಟು ತುಂಟ ಕಣ್ಣಿನ ಹಿರಿಯ ನಟನನ್ನೇ ಹುಡುಕಿ.