ಪಕ್ಕದ ಕಪಾಟಿನ ಕಾದಂಬರಿ

ನಿಮ್ಮ ಮನೆಯ ಪುಸ್ತಕದ ಕಪಾಟನ್ನು ಒಮ್ಮೆ ಗಮನಿಸಿ ನೋಡಿ. ಅಲ್ಲಿರುವ ಕಾದಂಬರಿಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ತ್ರಿವೇಣಿ, ಎಂ. ಕೆ. ಇಂದಿರಾ ಅವರನ್ನು ಓದಿ ಬೆಳೆದವರು ಸಂಸಾರದ ಕಥೆಯನ್ನೇ ಅರಸುತ್ತಾರೆ. ಪತ್ತೇದಾರಿಯ ರುಚಿ ಹತ್ತಿದವರಿಗೆ ಕೊಲೆಯಿಲ್ಲದ ಪುಸ್ತಕ ಸಪ್ಪೆ. ಅಭ್ಯಾಸದ ಓದಿನಲ್ಲಿ ತಪ್ಪಿಲ್ಲ. ಆದರೆ ‘ಅದು ನಮಗೆ ಹೇಳಿಸಿದ್ದಲ್ಲ’ ಎಂದು ಪುಟ ತೆರೆಯುವ ಮೊದಲೇ ತೀರ್ಪು ಕೊಟ್ಟಾಗ ನಾವು ಕಳೆದುಕೊಳ್ಳುವುದೇನು? ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯನ್ನು ಮುಂದಿಟ್ಟುಕೊಂಡು ಯೋಚಿಸೋಣ.

ಸಾಂಸಾರಿಕ ಕಾದಂಬರಿಗಳ ಓದುಗನಾದ ನಾನು ಇದನ್ನು ಬಹುಕಾಲ ದೂರವಿಟ್ಟಿದ್ದೆ. ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುವವರ ಕಥೆಯೆಂದು ಕೇಳಿದ್ದೆ. ಶಾಲೆಯ ಹುಡುಗರು ಓದಿಕೊಳ್ಳಲಿ ಎಂದುಕೊಂಡಿದ್ದೆ. ಕೊನೆಗೆ ಓದಲು ಕುಳಿತಾಗಲೂ ಮೊದಲ ಪುಟಗಳು ಒಲಿಯಲಿಲ್ಲ. ಮೂಡಿಗೆರೆಯ ಜೇನು ಸೊಸೈಟಿ, ಬೇಸಾಯದ ತಾಪತ್ರಯ, ಜೇನುಹುಳುಗಳ ವಿಚಾರ: ಇದರಲ್ಲಿ ಕಥೆಯೆಲ್ಲಿದೆ ಎಂದು ಅಸಹನೆಗೊಂಡೆ. ದೋಷ ಪುಸ್ತಕದ್ದಲ್ಲ, ನನ್ನ ನಿರೀಕ್ಷೆಯದು ಎಂದು ತಿಳಿಯಲು ಮಂದಣ್ಣನ ಪರಿಚಯವಾಗಬೇಕಾಯಿತು.

ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಅವನ ಆಸೆಯಾದರೂ ದೊಡ್ಡದಲ್ಲ: ಒಂದು ಸಣ್ಣ ನೌಕರಿ, ಒಂದು ಮದುವೆ. ಕಥೆ ಹೇಳುವ ವಿದ್ಯಾವಂತ ಕೃಷಿಕನೂ ಅವನನ್ನು ಹಗುರವಾಗಿಯೇ ಕಾಣುತ್ತಾನೆ. ವಿಜ್ಞಾನಿ ಕರ್ವಾಲೊ ಒಬ್ಬರೇ ಅವನಲ್ಲಿ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಗುರುತಿಸಿ, ಅವನ ಮಾತಿಗೆ ಕಿವಿಗೊಡುತ್ತಾರೆ. ಇಲ್ಲಿ ನಾನು ತಲೆತಗ್ಗಿಸಿದೆ. ಊರು ಮಂದಣ್ಣನಿಗೆ ಅಂಟಿಸಿದ್ದಂಥದೇ ಚೀಟಿಯನ್ನು ನಾನು ಈ ಪುಸ್ತಕಕ್ಕೆ ಅಂಟಿಸಿದ್ದೆನಲ್ಲವೇ?

ಕರ್ವಾಲೊ ಎಂಬ ಕುಲನಾಮ ನಮ್ಮ ಧರ್ಮಕೇಂದ್ರಗಳಿಗೆ ಹೊಸದಲ್ಲ. ಆದರೆ ಹೆಸರನ್ನು ಕಂಡು ಕ್ರೈಸ್ತ ಕುಟುಂಬದ ಕಥೆಯೆಂದು ಕೈಗೆತ್ತಿಕೊಂಡವರ ನಿರೀಕ್ಷೆಯೂ ಸುಳ್ಳಾಗುತ್ತದೆ. ಲೇಖಕರ ಆಸಕ್ತಿ ಆತನ ಮತದಲ್ಲಿಲ್ಲ, ನೋಟದಲ್ಲಿದೆ. ಸೃಷ್ಟಿಯ ಎದುರು ಕಣ್ಣರಳಿಸಿ ನಿಲ್ಲುವ ಆ ನೋಟವನ್ನು ತಣ್ಣಗಿನ ಹಾಸ್ಯದೊಡನೆ ಹೆಣೆದಿರುವುದೇ ಈ ಕೃತಿಯ ಹೆಚ್ಚುಗಾರಿಕೆ.

ಮುಕ್ತಾಯವನ್ನೇ ನೋಡಿ. ಸಂಸಾರದ ಕಾದಂಬರಿ ಸಾಮಾನ್ಯವಾಗಿ ಮದುವೆಯಲ್ಲೋ ಸಾವಿನಲ್ಲೋ ನಿಲ್ಲುತ್ತದೆ; ಪತ್ತೇದಾರಿ ಕಥೆ ಅಪರಾಧಿಯನ್ನು ಹಿಡಿದುಕೊಡುತ್ತದೆ. ಇಲ್ಲಿ ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಪ್ರಪಾತದಾಚೆಗೆ ತೇಲಿ ಮರೆಯಾಗುತ್ತದೆ. ಮೊದಲ ಓದಿಗೆ ಮೋಸಹೋದೆನೆನಿಸಿತು. ಪುಸ್ತಕ ಮುಚ್ಚಿದ ಮೇಲೆ ಎಷ್ಟೋ ದಿನ ಮನಸ್ಸು ಆ ಪ್ರಪಾತದ ಅಂಚಿನಲ್ಲೇ ನಿಂತಿತ್ತು.

ಹಾಗೆಂದು ಹಳೆಯ ಅಭಿರುಚಿಯನ್ನು ಬಾಗಿಲಲ್ಲೇ ಬಿಟ್ಟು ಒಳಹೋಗಬೇಕಾಗಿಲ್ಲ. ಮಂದಣ್ಣನ ಕೈಹಿಡಿದ ರಾಮಿಗೆ ಈ ಕಾದಂಬರಿ ಕೊಟ್ಟಿರುವ ಜಾಗ ತೀರ ಚಿಕ್ಕದು. ಗಂಡಸರೆಲ್ಲ ಕಾಡು ಹೊಕ್ಕಾಗ ಮನೆಯಲ್ಲುಳಿದವಳ ಮನಸ್ಸಿನಲ್ಲಿ ಏನಿದ್ದಿರಬಹುದು? ತ್ರಿವೇಣಿಯವರನ್ನು ಓದಿದವರಿಗೆ ಈ ಕೊರತೆ ಬೇಗ ಕಾಣುತ್ತದೆ. ಹೊರಗಿನಿಂದ ಬಂದ ಓದುಗ ತನ್ನದೇ ಆದ ಕಣ್ಣನ್ನೂ ಜೊತೆಗೆ ತಂದಿರುತ್ತಾನೆ.

ಇದೇ ಲೇಖಕರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಚಿದಂಬರ ರಹಸ್ಯ’ವೂ ಹೀಗೆಯೇ. ಅದು ಪತ್ತೇದಾರಿಯ ವೇಷದಲ್ಲಿ ಬಂದು, ಜಾತಿಮತಗಳ ದ್ವೇಷದಲ್ಲಿ ಬೇಯುವ ಊರೊಂದನ್ನು ತೋರಿಸುತ್ತದೆ. ಕೊಲೆಗಾರನಿಗಾಗಿ ಓದಿದವರೂ, ಕೊಲೆಯ ಕಥೆಯೆಂದು ಬದಿಗಿಟ್ಟವರೂ ಅದನ್ನು ಸಮನಾಗಿ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಓದುಗರೇ, ಮುಂದಿನ ಬಾರಿ ಗ್ರಂಥಾಲಯಕ್ಕೆ ಹೋದಾಗ ನಿಮ್ಮ ಎಂದಿನ ಪುಸ್ತಕದ ಜೊತೆಗೆ ಪಕ್ಕದ ಕಪಾಟಿನದೂ ಒಂದನ್ನು ತನ್ನಿ. ಐವತ್ತು ಪುಟಗಳವರೆಗೆ ತಾಳ್ಮೆಯಿರಲಿ. ಅದು ಕೊಡದಿರುವುದನ್ನು ಕೇಳದೆ, ಕೊಡುತ್ತಿರುವುದನ್ನು ಗಮನಿಸಿ. ಆಮೇಲೂ ಹಿಡಿಸದಿದ್ದರೆ ಹಿಂದಿರುಗಿಸಿ. ಹಿಡಿಸಿದರೆ ಮನೆಯವರಿಗೂ ಓದಲು ಕೊಡಿ. ಅಂದಹಾಗೆ, ನಿಮ್ಮ ಮಗ ಅಥವಾ ಮಗಳು ಓದುತ್ತಿರುವ ಆ ವಿಚಿತ್ರ ಪುಸ್ತಕವನ್ನು ‘ಕಾಲಹರಣ’ ಎನ್ನುವ ಮೊದಲು ಮಂದಣ್ಣನನ್ನು ನೆನಪಿಸಿಕೊಳ್ಳಿ.